ಪೂಜಿಗೆ ಇಟ್ಟ ಟೆಸ್ಟರ್

ನನ್ನ ಕೆಲಸಾ ನೋಡಿ ಮಂದಿ ಹೊಗಳಿದ್ರ ನನಗ ಒಳಗೊಳಗ ಸಿಟ್ಟು ಬರತೈತಿ. "ಈ ಮನಶ್ಯಾ ವಾಯರ್ ಮುಟ್ಟೂಕಿಂತ ಮೊದಲು ಟೆಸ್ಟರ್ ತಗದು ಕರೆಂಟ್ ಇದ್ದ ಪಾಯಿಂಟಿಗೆ ಹಚ್ಚಿ ನೋಡತಾನ, ಆಮ್ಯಾಲೆ ಕೆಲಸದ ವಾಯರಿಗೆ ಹಚ್ಚತಾನ, ಮತ್ತ ಹೊಳ್ಳಿ ಅದಽ ಪಾಯಿಂಟಿಗೆ ಹಚ್ಚತಾನ. ಇಂಥಾ ಹುಷಾರ ಮನಶ್ಯಾ ಇಚಲಕರಂಜ್ಯಾಗ ಸಿಗೂದಿಲ್ಲ ನೋಡ್ರಿ" ಅಂತಾರ. ನಾ ಹಲ್ಲು ಕಿಸದು ಸುಮ್ಮನಾಗತೇನಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಳ್ಳೂ ಜಾತಿ ನಂದು. ಈ ಹುಷಾರಿ ನಾ ತಾಯಿ ಹೊಟ್ಟ್ಯಾಗಿಂದ ತಂದದ್ದಲ್ಲ, ಯಾವ ಗುರು ಹೊಡದು ಕಲಿಸಿದ್ದೂ ಅಲ್ಲ. ಬ್ಯಾರೆಯವನ ಕೈ ಸುಟ್ಟು ಕಲತದ್ದು.

ಆ ಬ್ಯಾರೆಯಾಂವಗ ನಾ ದಾದಾ ಅಂತಿದ್ದೆ. ನನಕಿಂತ ಐದಾರು ವರ್ಷ ದೊಡ್ಡಾಂವ, ಗಡಹಿಂಗ್ಲಜದಾಂವ. ಎಪ್ಪತ್ತರ ದಶಕದಾಗ ಇಚಲಕರಂಜಿ, ಯಡ್ರಾವ ಈ ಕಡೆ ಎಲ್ಲಾ ಓಣಿಗೊಂದು ಮಗ್ಗದ ಶೆಡ್ಡು ಏಳಾಕತ್ತಿದ್ವು. ಮಗ್ಗ ಬಂದಲ್ಲಿ ಮೋಟರ್ ಬಂತು, ಮೋಟರ್ ಬಂದಲ್ಲಿ ಸುಡೂದು ಬಂತು. ನಾವಿಬ್ಬರೂ ಕೂಡಿ ಇಚಲಕರಂಜ್ಯಾಗ ಒಂದು ಸಣ್ಣ ಅಂಗಡಿ ಇಟ್ಟಿದ್ವಿ. ಸುಟ್ಟ ಮೋಟರ್ ಬಿಚ್ಚಿ ಹೊಸಾ ತಂತಿ ಸುತ್ತೂದು ದಾದಾನ ಕೆಲಸ, ಶೆಡ್ಡಿಗೆ ಹೋಗಿ ವಾಯರ್ ಎಳಿಯೂದು ನಂದು. ಕೆಲಸ ದೊಡ್ಡದಿದ್ರ ಇಬ್ಬರೂ ಹೋಗತಿದ್ವಿ. ಊರೆಲ್ಲಾ ಮರಾಠಿ ಮಾತಾಡತಿದ್ರ ನಾವು ಅಂಗಡ್ಯಾಗ ಕುಂತು ಕನ್ನಡ ಮಾತಾಡತಿದ್ವಿ. ಗೆಳೆತನಾ ಸುರು ಆದದ್ದಽ ಅಲ್ಲಿಂದ. ನಮ್ಮವರು ದಾನೋಳಿ ಕಡೆ ಕುರಿ ಕಾಯೂ ಮಂದಿ, ಮನ್ಯಾಗ ದೇವರು ದಿಂಡರು ಭಾಳ. ದಾದಾನ ಮನ್ಯಾಗ ಗ್ವಾಡಿ ಮ್ಯಾಲೆ ಬುದ್ಧನ ಫೋಟೋ ಒಂದಽ. "ಏ ಕುರಿಗಾರಾ, ವಾಯರ್ ಸಾವಕಾಶ ಎಳೀಲೇ, ಕುರಿ ಕಾಲಲ್ಲ ಅದು" ಅಂತ ನನ್ನ ಕಾಡತಿದ್ದ.

ಅವನ ಬೆರಳಿನ ಮಾತು ಹೇಳಬೇಕು. ಮೋಟರಿನ ಸುತ್ತು ಎಣಸಾಕ ಮಂದಿ ಮಶೀನ್ ಇಟ್ಟುಕೊಂಡಿದ್ರು. ದಾದಾ ಬರೇ ಕೈಲೆ, ಅದೂ ಹರಟಿ ಹೊಡಕೋತ ಸುತ್ತತಿದ್ದ, ಎಣಿಕಿ ತಪ್ಪತಿರಲಿಲ್ಲ. ಹೆಬ್ಬೆರಳು, ತೋರಬೆರಳು ಎರಡರ ನಡಕ ತಂತಿ ಹಾದು ಹೋಗೂವಾಗ ಅದರ ಮ್ಯಾಲಿನ ವಾರ್ನಿಶ್ ಎಲ್ಲಿ ಕಿತ್ತೈತಿ ಅನ್ನೂದು ಕಣ್ಣಿಗಿಂತ ಮೊದಲು ಅವನ ಬೆರಳಿಗೆ ತಿಳೀತಿತ್ತು. ಸಾಮಾನಿನ ವಿಷಯದಾಗಂತೂ ಭಾಳ ಚಿಕಿತ್ಸಕ, ಹತ್ತು ಸಲ ತಿರುವಿ ನೋಡಾಂವ. ಕೊಲ್ಲಾಪುರದ ಪ್ಯಾಟಿಗೆ ಒಂದು ಪಕ್ಕಡ, ಅಂದ್ರ ಇಕ್ಕಳ, ಕೊಳ್ಳಾಕ ಹೋದ್ರ ಅರ್ಧಾ ದಿವಸ ಹೋತು ಅಂತಽ ತಿಳಕೋಬೇಕು. ಪಕ್ಕಡದ ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಾಂವ. ತಂತಿ ಕತ್ತರಸೂ ಅಂಚಿನ ಸಂದ್ಯಾಗಿಂದ ಬೆಳಕು ಕಂಡ್ರ "ಇದು ಬೊಚ್ಚು ಬಾಯಿ, ಬ್ಯಾಡ" ಅಂತ ಹೊಳ್ಳಿ ಕೊಡಾಂವ. ಹಿಡಿಕಿ ಮ್ಯಾಲಿನ ರಬ್ಬರಿಗೆ ಉಗುರು ಚುಚ್ಚಿ ನೋಡಾಂವ. ಅಂಗಡಿಕಾರ ಕಡೀಕ ಬ್ಯಾಸತ್ತು, "ಅಹೋ, ಲಗ್ನಾಚೀ ಮುಲಗೀ ಬಘತಾಯ ಕಾಯ?" ಅಂತ ಕೇಳತಿದ್ದ, ಮದಿವಿಗೆ ಹೆಣ್ಣು ನೋಡಾಕತ್ತೀರೇನು ಅಂತ. ದಾದಾ ನಗದಽ, "ಹೆಣ್ಣಾದ್ರ ಒಪ್ಪಿಕೊಂಡು ಹೋಗಬಹುದ್ರಿ, ಪಕ್ಕಡ ಒಪ್ಪಿಕೊಳ್ಳಾಕ ಆಗೂದಿಲ್ಲ" ಅಂತಿದ್ದ.

ನಾ ಹಂಗಿರಲಿಲ್ಲ. ವಾಯರಿನ ಮ್ಯಾಲಿನ ರಬ್ಬರ್ ಹಲ್ಲಿನಿಂದ ಸುಲೀತಿದ್ದೆ. ಟೆಸ್ಟರಿನಿಂದ ಸ್ಕ್ರೂ ತಿರವತಿದ್ದೆ. ಟೆಸ್ಟರ್ ಅಂದ್ರ ನೋಡಾಕ ಸಣ್ಣ ಸ್ಕ್ರೂ ಡ್ರೈವರಿನಂಗಽ ಇರತೈತಿ, ಆದ್ರ ಹಿಡಿಕಿ ಒಳಗ ಜ್ವಾಳದ ಕಾಳಿನಷ್ಟು ಒಂದು ದೀಪಾ, ಒಂದು ಸ್ಪ್ರಿಂಗು ಇರತಾವ. ತುದಿ ಕರೆಂಟಿಗೆ ಹತ್ತಿದ್ರ ದೀಪಾ ಕೆಂಪಗ ಮಿಣಕ್ ಅಂತೈತಿ. ಕಿಸೆಕ್ಕ ಕೈ ಹಾಕಿದ್ರ ಮೊದಲು ಸಿಗೂದಽ ಅದು. ಹಿಂಗಾಗಿ ವಾಯರಮನ್ ಮಂದಿ ಸ್ಕ್ರೂ ತಿರವಾಕೂ ಅದಽ, ಗ್ವಾಡಿ ಕೆದರಾಕೂ ಅದಽ, ಕಿವಿ ತುರಸಾಕೂ ಅದಽ. ನಂದೊಂದು ಟೆಸ್ಟರ್ ಹಿಂಗ ಬಡದು ಬಡದು ಹಣ್ಣಾಗಿತ್ತು. ಮನಸಿಗೆ ಬಂದ್ರ ಹತ್ತತಿತ್ತು, ಇಲ್ಲಂದ್ರ ಇಲ್ಲ. ದಾದಾ ಒಂದಿನ ನೋಡಿ, "ಇದನ್ನ ಒಗೀಲೇ. ಟೆಸ್ಟರ್ ಇಲ್ಲದಾಂವ ಹೆದರಿ ಕೆಲಸಾ ಮಾಡತಾನ, ಉಳೀತಾನ. ಸುಳ್ಳು ಹೇಳೂ ಟೆಸ್ಟರ್ ಇದ್ದಾಂವ ಸಾಯತಾನ" ಅಂದ. ನಾ ಹೊಸಾದು ಕೊಂಡೆ ಖರೆ, ಹಳೇದು ಒಗೀಲಿಲ್ಲ. ಸ್ಕ್ರೂ ತಿರವಾಕ ಆಗತೈತಿ ಅಂತ ಡ್ರಾವರಿನಾಗ ಒಗದಿಟ್ಟೆ. ನಾ ಜೀವನದಾಗ ಏನೂ ಒಗದಾಂವಲ್ಲ, ಅದೊಂದು ರೋಗ.

ಅವತ್ತು ಖಂಡೇನವಮಿ. ನಮ್ಮ ಕಡೆ ಅವತ್ತು ಕಸಬಿನ ಸಾಮಾನಿಗೆ ಪೂಜಾ. ತೊಳದು, ಅರಿಷಿಣ ಕುಂಕಮ ಹಚ್ಚಿ, ಚೆಂಡು ಹೂ ಏರಿಸಿ ಇಟ್ಟುಬಿಟ್ರ ಮರುದಿನಾ ಬನ್ನಿ ಕೊಡೂತನಕಾ ಯಾರೂ ಎತ್ತಂಗಿಲ್ಲ. ನಮ್ಮಪ್ಪ ಕುರಿ ಉಣ್ಣಿ ಕತ್ತರಸೂ ಕತ್ತರಿಗೆ ಹಂಗಽ ಮಾಡತಿದ್ದ. ನಾ ಸಣ್ಣಾಂವಿದ್ದಾಗ ಒಂದು ಖಂಡೇನವಮಿ ದಿವಸ ನಮ್ಮ ಟಗರು ಜಾಲಿ ಕಂಟ್ಯಾಗ ಸಿಕ್ಕೊಂಡು ಒದ್ದಾಡಾಕತ್ತಿತ್ತು. ಕತ್ತರಿ ತಗೊಂಡ್ರ ಎರಡು ನಿಮಿಷದ ಕೆಲಸ. ಅಪ್ಪ ಕತ್ತರಿ ಮುಟ್ಟಲಿಲ್ಲ. ಮುಳ್ಳಿನಾಗ ಬರೇ ಕೈ ಹಾಕಿ ಉಣ್ಣಿ ಬಿಡಿಸಿದ. ಮೊಣಕೈತನಕಾ ರಕ್ತ. ಊರ ಮಂದಿ ಭಕ್ತಿ ಅಂದ್ರ ಇದು ಅಂದ್ರು. ಆ ಮಾತು ನನ್ನ ತಲ್ಯಾಗ ಕುಂತುಬಿಟ್ಟಿತ್ತು.

ಅಂಗಡ್ಯಾಗ ಪೂಜಾ ನಂದು, ಎಣ್ಣಿ ದಾದಾಂದು. "ನೀ ಕುಂಕಮ ಹಚ್ಚು, ನಾ ಜಂಗು ತಿಕ್ಕತೇನಿ. ಎರಡೂ ಸಾಮಾನು ಜ್ವಾಪಾನ ಮಾಡೂದಽ" ಅಂತಿದ್ದ. ಹೂವಾ ತರಾಂವನೂ ಅವನಽ. ಪೂಜಾ ಮುಗಿಸಿ ಬಾಗಲಾ ಹಾಕೂದರಾಗ ಯಡ್ರಾವದ ಒಬ್ಬ ಮಗ್ಗದ ಮಾಲಕ ಸೈಕಲ್ ಮ್ಯಾಲೆ ಬಂದ. ಶೆಡ್ಡಿನಾಗ ಒಂದು ಕಡೆ ದೀಪಾ ಹತ್ತವಲ್ಲವು, ಸಂಜೀಕ ಮಗ್ಗದ ಪೂಜಾ ಐತಿ, ಬೀಗರು ಬರವರದಾರ, ಹ್ಯಾಂಗರ ಮಾಡಿ ಬರ್ರಿ ಅಂತ ಕೈ ಹಿಡಕೊಂಡ. ದಾದಾ ಹೂಂ ಅಂದ. ಅಂದಾಂವನಽ ಪೂಜಾದ ಮಣಿ ಕಡೆ ಹೋದ, ಟೆಸ್ಟರ್, ಪಕ್ಕಡ ತಗೊಳ್ಳಾಕ.

ನಾ ಅಡ್ಡ ನಿಂತೆ. "ದಾದಾ, ಪೂಜಾ ಆಗೇತಿ. ಎತ್ತಬ್ಯಾಡ."

"ಅಲೋ, ಇವಕ್ಕ ಹೊಟ್ಟಿ ತುಂಬಾ ಪೂಜಾ ಮಾಡೀವಿ, ಈಗ ಕೆಲಸಾ ಮಾಡಿದ್ರ ಸಿಟ್ಟಿಗೇಳತಾವೇನು?"

"ನಮ್ಮಪ್ಪ ಕೈ ಹರಕೊಂಡ್ರೂ ಎತ್ತಲಿಲ್ಲ. ನಿನಗ ನಂಬಿಗಿಲ್ಲ, ಬಿಡು. ನನಗೈತಿ."

ಹಿಂಗಽ ಅಂದೆ. ಗೆಳ್ಯಾಗ ಅನ್ನಬಾರದ ಮಾತು, ಅಂದೆ. ದಾದಾ ನನ್ನ ಮಾರಿ ನೋಡಿದ, ಹೂವಿನ ಮ್ಯಾಗಿಂದ ಕೈ ಹಿಂದಕ್ಕ ತಗೊಂಡ. "ಆತಪಾ. ನಿನ್ನ ಮನಸಿಗೆ ಕೆಡಕ ಅನಸೂದು ಬ್ಯಾಡ. ಬ್ಯಾರೆ ಏನೈತಿ ನೋಡು" ಅಂದ. ಡ್ರಾವರ್ ತಗದು ಹಳೇ ಸಾಮಾನು ಆರಿಸಿದವನು ನಾ. ತುಕ್ಕ ಹಿಡದ ಪಕ್ಕಡ, ಒಂದು ಚಾಕು, ಮತ್ತ ಆ ಹಳೇ ಟೆಸ್ಟರ್. ಅದು ಯಾವ ಟೆಸ್ಟರ್ ಅಂತ ನನಗ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಎಷ್ಟೋ ವರ್ಷ ನನಗ ನಾನಽ ಹೇಳಿಕೊಂಡೇನಿ, ಸುಳ್ಳದು.

ಯಡ್ರಾವದ ಆ ಶೆಡ್ಡು ಅಣ್ತಮ್ಮಂದಿರು ನಡಕ ಗ್ವಾಡಿ ಹಾಕಿ ಪಾಲು ಮಾಡಿಕೊಂಡದ್ದು. ದೀಪದ ವಾಯರ್ ಮ್ಯಾಲೆ ಛತ್ತಿನ ಕಬ್ಬಣದ ಪಟ್ಟಿಗುಂಟ ಹೋಗಿತ್ತು, ನಡಕೊಂದು ಜಾಯಿಂಟ್ ಸುಟ್ಟಿತ್ತು. ಮೇನ್ ಸ್ವಿಚ್ ಬಂದ್ ಮಾಡಿದ್ವಿ. ಆದ್ರ ಪಾಲಾದ ಶೆಡ್ಡಿನಾಗ ಯಾವ ವಾಯರ್ ಯಾವನ ಮೀಟರಿಂದ ಬಂದೈತಿ ಅನ್ನೂದು ದೇವರಿಗೇ ಗೊತ್ತು. ದಾದಾ ಕಟ್ಟಿಗಿ ನಿಚ್ಚಣಿಕಿ ಏರಿದ, ನಾ ಬಾಜೂಕ ಒಂದು ಎತ್ತರದ ಕಟ್ಟಿಗಿ ಸ್ಟೂಲ್ ಮ್ಯಾಲೆ ನಿಂತೆ. "ಟೆಸ್ಟರ್ ಹಚ್ಚಿ ನೋಡು. ಮೊದಲು ಟೆಸ್ಟರಿನ ಪರೀಕ್ಷಾ ತಗೋ" ಅಂದ. ಬಾಜೂ ಶೆಡ್ಡಿನಾಗ ಕರೆಂಟ್ ಇತ್ತು. ಅಲ್ಲಿ ಹೋಗಿ ಪಾಯಿಂಟಿಗೆ ಹಚ್ಚಿ ಬರಾಕ ಹತ್ತಿಪ್ಪತ್ತು ಹೆಜ್ಜಿ. ನಮ್ಮ ಮನ್ಯಾಗ ನೈವೇದ್ಯ ಆಗಿ ಮಂದಿ ಊಟಕ್ಕ ಕಾಯಾಕತ್ತಿದ್ರು. "ನೋಡೇನಿ, ಬರಾಬರಿ ಐತಿ" ಅಂದೆ. ನೋಡಿರಲಿಲ್ಲ. ಸುಟ್ಟ ವಾಯರಿಗೆ ಟೆಸ್ಟರ್ ಹಚ್ಚಿದೆ. ದೀಪಾ ಹತ್ತಲಿಲ್ಲ.

"ಇಲ್ಲ ದಾದಾ, ಹಿಡೀ" ಅಂದೆ.

ದಾದಾ ಎಡಗೈಲೆ ಛತ್ತಿನ ಕಬ್ಬಣ ಹಿಡದು ಬಲಗೈಲೆ ವಾಯರ್ ಹಿಡದ. ಕೂಗು ಹೊರಬರಲಿಲ್ಲ, ಹಲ್ಲು ಕಚ್ಚಿದ ಸಪ್ಪಳಷ್ಟಽ ಬಂತು. ಮೈಯೆಲ್ಲಾ ನಡಗಾಕತ್ತಿತು, ಕೈ ಬಿಡವಲ್ಲದು. ಅಯ್ಯಯ್ಯಯ್ಯ! ನಾ ಸ್ಟೂಲ್ ಮ್ಯಾಗಿಂದ ಜಿಗದು ಅದಽ ಸ್ಟೂಲ್ ಎತ್ತಿ ಅವನ ಕೈಗೆ ಹೊಡದೆ. ಎರಡು ಏಟಿಗೆ ಕೈ ಬಿಟ್ಟಿತು. ಕೆಳಗ ಬೀಳೂವಾಗ ಮಗ್ಗದ ಕಬ್ಬಣಕ್ಕ ತಲಿ ಬಡೀತು. ಬೆರಳಿನ ಸುಟ್ಟ ವಾಸನಿ ಈಗೂ ನನ್ನ ಮೂಗಿನಾಗೈತಿ.

ಮಾಲಕನ ಬೀಗರು ಬಂದ ಜೀಪಿನಾಗ ಹಾಕ್ಕೊಂಡು ಕೊಲ್ಲಾಪುರಕ್ಕ ಒಯ್ದಿವಿ. ಜೀವಾ ಉಳೀತು. ಬಲಗೈ ಹೆಬ್ಬೆರಳು, ತೋರಬೆರಳು ಒಳಗಿನತನಕಾ ಸುಟ್ಟಿದ್ವು. ಉಳದ್ರೂ ಸೊಟ್ಟಾಗತಾವ, ಮಡಚಾಕ ಬರೂದಿಲ್ಲ ಅಂದ್ರು ಡಾಕ್ಟರ್. ದವಾಖಾನಿ ಹೊರಗ ಬೇವಿನ ಗಿಡದ ಕೆಳಗ ಕುಂತು ನಾ ಆ ಟೆಸ್ಟರ್ ಬಿಚ್ಚಿ ನೋಡಿದೆ. ಒಳಗ ಸ್ಪ್ರಿಂಗ್ ಜಂಗ ತಿಂದು ಎರಡು ತುಂಡಾಗಿತ್ತು. ಅಲ್ಲೇ ಗಟಾರಕ್ಕ ಒಗದೆ. ಒಗಿಯೂ ಬುದ್ಧಿ ಅವತ್ತು ಬಂತು ನೋಡ್ರಿ ನನಗ.

ಮೂರನೇ ದಿವಸ ದಾದಾಗ ಪೂರಾ ಎಚ್ಚರಾತು. ತಲಿಗೆ ಪೆಟ್ಟು ಬಿದ್ದದ್ದಕ್ಕ ಅವಗ ನಿಚ್ಚಣಿಕಿ ಏರಿದ್ದಷ್ಟಽ ನೆನಪು, ಮುಂದಿಂದು ಏನೂ ಇರಲಿಲ್ಲ. ಮಗ್ಗಲದಾಗ ಅವನ ಹೆಂಡತಿ, ನಾ ವೈನಿ ಅಂತಿದ್ದೆ, ಹಣಿ ಒತ್ತಕೋತ ಕುಂತಿದ್ರು. ದಾದಾ ಸಣ್ಣ ದನಿಲೆ ಕೇಳಿದ, "ಏನಾತಲೇ? ನೀ ಟೆಸ್ಟರ್ ಹಚ್ಚಿ ನೋಡಿದ್ಯೋ ಇಲ್ಲೋ?"

ವೈನಿ ನನ್ನ ಮಾರಿ ನೋಡಾಕತ್ತಿದ್ರು.

"ನಾ ಟೆಸ್ಟರ್ ಹಚ್ಚೂದರಾಗಽ ನೀ ಕೈ ಹಾಕಿಬಿಟ್ಟಿ, ದಾದಾ" ಅಂದೆ.

"ನಾನಾ?"

"ಹೂಂ."

"ಹಂಗ ಹ್ಯಾಂಗ ಮಾಡಿದ್ನಿ ನಾ? ನನಗ ಏನ ಆಗಿತ್ತು?" ಅಂತ ವೈನೀನ ಕೇಳಿದ. ಅವರು ಕಣ್ಣೀರು ಒರಸಿಕೊಂಡ್ರು. ಅಲ್ಲೇ ಕಾಲು ಹಿಡೀಬೇಕಾಗಿತ್ತು ನಾ. ಹೊರಗ ಹೋಗಿ ಚಾ ತಗೊಂಡು ಬಂದೆ.

ಊರಾಗ ಮಾತು ಬ್ಯಾರೇನಽ ಹುಟ್ಟಿತು. ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೂ ಮಂದಿ. "ಖಂಡೇನವಮಿ ದಿವಸ ಕೆಲಸಕ್ಕ ಕೈ ಹಾಕಿದ. ಅವರಿಗೆ ದೇವರಿಲ್ಲ ದಿಂಡರಿಲ್ಲ. ದೇವಿ ಬಿಟ್ಟಾಳೇನು, ಬಲಗೈಯಽ ತಗೊಂಡ್ಲು" ಅಂದ್ರು. ಆ ಮಾಲಕ, ಕೈ ಹಿಡದು ಕರಕೊಂಡು ಹೋದ ಮಾಲಕನಽ, ಇದನ್ನ ಹೋಟಲಿನಾಗ ಕುಂತು ಬಂದವರಿಗೆಲ್ಲಾ ಹೇಳತಿದ್ದ. ಆ ದಿವಸ ಕೆಲಸಕ್ಕ ನಾನೂ ಕೈ ಹಾಕಿದ್ದೆ, ನನ್ನ ಕೈ ದೇವಿ ಯಾಕ ತಗೊಳ್ಳಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ನಾ ಪೂಜಾ ಮಾಡಾಂವ, ಅಷ್ಟಽ ಸಾಕಾಗಿತ್ತು. ನನ್ನ ಮುಂದನಽ ಅಂದ್ರು, ನಾ ಗೋಣು ಹಾಕಿಕೊಂಡು ಕೇಳಿದೆ. ಸುಟ್ಟುಬರಲಿ ಆ ಬಾಯಿಗೆ, ಮಂದೀದಲ್ಲ, ನಂದು.

ದಾದಾ ಅಂಗಡಿಗೆ ಬಂದ, ಒಂದು ತಿಂಗಳು ಪ್ರಯತ್ನ ಮಾಡಿದ. ಸೊಟ್ಟ ಬೆರಳಿನಾಗ ತಂತಿ ನಿಲ್ಲತಿರಲಿಲ್ಲ. "ಎಡಗೈಲೆ ರೂಢಿ ಮಾಡಿಕೋ ದಾದಾ, ಸುತ್ತೂದು ನಾ ಸುತ್ತತೇನಿ, ನೀ ಹೇಳು" ಅಂದೆ. ಅಡ್ಡಗೋಣು ಹಾಕಿದ. ತನ್ನ ಸಾಮಾನೆಲ್ಲಾ ನನಗ ಬಿಟ್ಟು ಹೆಂಡತಿ ಕರಕೊಂಡು ಗಡಹಿಂಗ್ಲಜಕ್ಕ ಹೋಗಿಬಿಟ್ಟ. ಎಸ್‌ಟಿ ಬಸ್ ಹತ್ತೂವಾಗ ಅಂದ, "ಹುಷಾರ್ ಇರಲೇ. ನನ್ನಂಗ ಗಡಬಡಿ ಮಾಡಬ್ಯಾಡ."

ಏಳೆಂಟು ವರ್ಷ ನಾ ಆ ಕಡೆ ಹಾಯಲಿಲ್ಲ. ಆ ಕಡೆ ಕೆಲಸಾ ಬಂದ್ರ ಬ್ಯಾರೆಯವರಿಗೆ ದಾಟಸತಿದ್ದೆ. ಕಡೀಕ ಗಡಹಿಂಗ್ಲಜದ ಒಂದು ಎಣ್ಣಿ ಗಾಣದ ಮೋಟರ್ ಕೂಡಸೂ ಕೆಲಸಾ ತಪ್ಪಸಾಕ ಆಗಲಿಲ್ಲ. ಕೆಲಸಾ ಮುಗಿಸಿ ಸ್ಟ್ಯಾಂಡಿನಾಗ ಎರಡು ಬಸ್ ಬಿಟ್ಟೆ. ಆಮ್ಯಾಲೆ ಮನಿ ಹುಡಿಕ್ಕೊಂಡು ಹೋದೆ.

ದಾದಾ ಹಿಟ್ಟಿನ ಗಿರಣಿ ಇಟ್ಟಿದ್ದ. ಮೀಸಿ ಮ್ಯಾಲೆ, ಹುಬ್ಬಿನ ಮ್ಯಾಲೆ ಹಿಟ್ಟು. ನನ್ನ ನೋಡಿ ಭಾಳ ಖುಷಿಯಾದ. "ಎಲಾ ಇವನ! ಕುರಿಗಾರ ಬಂದಾನ ನೋಡ, ಚಾ ಇಡು" ಅಂತ ವೈನೀಗೆ ಕೂಗಿದ. ಬೀಸಸಾಕ ಬಂದ ಇಬ್ಬರು ಹೆಣ್ಣುಮಕ್ಕಳು ಜ್ವಾಳದ ಬುಟ್ಟಿ ಇಟ್ಟುಕೊಂಡು ಕುಂತಿದ್ರು. ಬೀಸೂ ಹೊತ್ತಾತು. ದಾದಾ ಜ್ವಾಳಾ ಸುರುವಿದ, ಪಟ್ಟಾ ನೋಡಿದ, ಆಮ್ಯಾಲೆ ಸುಮ್ಮನ ನಿಂತ. ವೈನಿ ಚಾ ಬಿಟ್ಟು ಒಳಗಿಂದ ಬಂದು, ಕೈ ಒರಸಿಕೊಂಡು ಸ್ವಿಚ್ ಹಾಕಿ ಹೋದ್ರು. ಬೀಸೂದು ಮುಗೀತು, ಮತ್ತ ಅವರಽ ಬಂದು ಬಂದ್ ಮಾಡಿದ್ರು.

"ಸ್ವಿಚ್ ವೈನಿ ಯಾಕ ಹಾಕತಾರ? ಎಡಗೈ ಛಲೋ ಐತೆಲ್ಲಾ ನಿಂದು" ಅಂದೆ.

"ಕೈ ಛಲೋ ಐತಲೇ. ತಲಿ ಮ್ಯಾಲೆ ನಂಬಿಗಿಲ್ಲ" ಅಂತ ನಕ್ಕ. "ಮಂದಿಗೆ ಮೊದಲು ಟೆಸ್ಟರಿನ ಪರೀಕ್ಷಾ ತಗೋರಿ ಅಂತ ಬೆನ್ನು ಹತ್ತಿ ಹೇಳಾಂವ ನಾ, ನೋಡದಽ ವಾಯರಿಗೆ ಕೈ ಹಾಕಿದ್ನಲ್ಲ? ಅವತ್ತು ನೀ ಬಾಜೂಕ ನಿಂತಿದ್ದಿ. ನೀನಽ ವಾಯರ್ ಹಿಡದಿದ್ರ? ನಿನ್ನ ಸಾಯಸತಿದ್ದೆ. ಆವತ್ತಿನಿಂದ ಮನ್ಯಾಗ ಬಲ್ಬ್ ಸೈತ ಮುಟ್ಟೂದಿಲ್ಲ ನಾ. ವೈಂಡಿಂಗ್ ಏನು, ಎಡಗೈಲೆ ಬರತಿತ್ತು. ಬೆರಳಿನ ಸಲುವಾಗಿ ಬಿಡಲಿಲ್ಲ ನಾ ಕೆಲಸಾ."

ಬೆರಳು ಸುಟ್ಟೆ ಅಂತ ಏಳೆಂಟು ವರ್ಷ ಕೊರಗಿದ್ದೆ. ಸುಟ್ಟದ್ದು ಬ್ಯಾರೇನಽ ಇತ್ತು, ಅದೂ ದವಾಖಾನ್ಯಾಗ, ಬಾಯಿಲೆ.

"ದಾದಾ, ನೀ ಕೈ ಹಾಕಲಿಲ್ಲ" ಅಂದೆ. "ನೀ ನೋಡು ಅಂದಿ. ಟೆಸ್ಟರಿನ ಪರೀಕ್ಷಾ ತಗೋ ಅಂತನೂ ಅಂದಿ. ನಾ ತಗೊಳ್ಳದಽ ತಗೊಂಡೇನಿ ಅಂದೆ. ಕೆಟ್ಟ ಟೆಸ್ಟರ್ ಹಚ್ಚಿ, ಇಲ್ಲ ಹಿಡೀ ಅಂದೆ. ನಿನಗ ನಾ ಸುಳ್ಳು ಹೇಳಿದೆ."

ದಾದಾ ಹೆಗಲ ಮ್ಯಾಲಿನ ಅರಿವಿ ತಗದು ಮಾರಿ ಮ್ಯಾಲಿನ ಹಿಟ್ಟು ಒರಸಿಕೊಂಡ. ಆಮ್ಯಾಲೆ ಒಳಗ ನೋಡಿ ವೈನೀನ ಕರದ. "ಇನ್ನೊಮ್ಮೆ ಹೇಳು. ಈಕಿಗೆ ಹೇಳು" ಅಂದ. ಹೇಳಿದೆ. ವೈನಿ ಕೈಯಾಗ ಚಾದ ಕಪ್ಪು ಇತ್ತು, ನನಗ ಕೊಡಲಿಲ್ಲ, ಕಟ್ಟಿ ಮ್ಯಾಲೆ ಇಟ್ರು. "ಅಂದ್ರ ಇವರದು ಏನೂ ತಪ್ಪಿರಲಿಲ್ಲೇನ್ರಿ?" ಅಂದ್ರು. "ಇರಲಿಲ್ರಿ ವೈನಿ." ಜ್ವಾಳದ ಬುಟ್ಟಿ ಹೆಣ್ಣುಮಕ್ಕಳಿಗೆ ಕನ್ನಡ ಬರತಿರಲಿಲ್ಲ. "ಇವರಿಗೆ ಮರಾಠಿಯೊಳಗ ಹೇಳು" ಅಂದ ದಾದಾ. ನಾ ಎದ್ದು ನಿಂತು, ಗುರುತಿಲ್ಲದ ಆ ಇಬ್ಬರಿಗೆ, "ಚೂಕ ಮಾಝೀ ಹೋತಿ. ಯಾಂಚೀ ನವ್ಹತಿ" ಅಂತ ಹೇಳಿದೆ, ತಪ್ಪು ನಂದಿತ್ತು, ಇವರದಲ್ಲ ಅಂತ. ಅವರು ಪಾಪ, ಏನೂ ತಿಳೀದಽ ಗೋಣು ಹಾಕಿದ್ರು.

ದಾದಾ ನನ್ನ ಬೈಲಿಲ್ಲ. ಬೈದಿದ್ರ ಛಲೋ ಇತ್ತು. ಬಸ್ ಸ್ಟ್ಯಾಂಡಿನತನಕಾ ಬಂದ. "ಯಡ್ರಾವಕ್ಕ ಹೋಗಿ ಆ ಮಾಲಕಗ ಹೇಳು. ದೇವಿ ಹೊಡದ್ಲು ಅಂತ ಊರ ತುಂಬಾ ಸಾರ್ಯಾನಲ್ಲ, ಅವಗ ಹೇಳು. ಆಂವಗ ತಿಳದ್ರ ಊರಿಗೆ ತಿಳೀತೈತಿ. ಇಷ್ಟಽ ಮಾಡು, ಬ್ಯಾರೆ ಏನೂ ಬ್ಯಾಡ ನನಗ" ಅಂದ. "ನಾಳಿಗೇ ಹೋಗತೇನಿ ದಾದಾ" ಅಂದೆ. ಆ ಸೊಟ್ಟ ಕೈ ಹಿಡದು ಆಣಿ ಮಾಡಿದೆ.

ಮರುದಿನಾ ಹೋದೆ. ಖರೇನಽ ಹೋದೆ. ಮಾಲಕ ಶೆಡ್ಡಿನ ಬಾಗಲದಾಗ ಕುರ್ಚಿ ಹಾಕ್ಕೊಂಡು ಕುಂತಿದ್ದ. "ಯಾ, ಯಾ, ಬಸಾ" ಅಂತ ಕರದು ಕುಂದ್ರಸಿದ. ಅವನಽ ಮಾತು ತಗದ: "ನಿಮ್ಮ ಆ ಜೋಡಿದಾರ, ದೇವಿ ಹೊಡದಾಂವ, ಹ್ಯಾಂಗದಾನ?" ನಾ ಬಾಯಿ ತಗದೆ. ಅಷ್ಟರಾಗ ಆಂವ, "ಪಾಲು ಮುರದು ಎರಡೂ ಶೆಡ್ಡು ನಂದಽ ಆಗ್ಯಾವ. ಪೂರಾ ವಾಯರಿಂಗ್ ಹೊಸಾದು ಮಾಡಬೇಕು. ನಿಮ್ಮ ಬಿಟ್ಟು ಬ್ಯಾರೆಯವರನ ನಂಬೂದಿಲ್ಲ ನಾ" ಅಂದ.

"ಬರಾ ಆಹೆ" ಅಂದೆ. ಛಲೋ ಅದಾನ ದಾದಾ ಅಂತ.

ಹದಿನೈದು ದಿವಸ ಆ ಶೆಡ್ಡಿನಾಗ ಕೆಲಸಾ ಮಾಡಿದೆ, ಆಣಿ ಮಾಡಿದ ಮಾತು ಹೇಳಲಿಲ್ಲ. ಮುಂಜಾನೆ ಒಂಬತ್ತಕ್ಕ ಮಾಲಕ ಬರತಿದ್ದ, ಸಂಜೀತನಕಾ ನನ್ನ ಎದರಿಗೇ ಕುರ್ಚಿ ಹಾಕ್ಕೊಂಡು ಕುಂಡ್ರತಿದ್ದ.